ನಾನು ಓದದೆ ಬಿಟ್ಟ ಪ್ಯಾರಾ

ಕಾಕಾರ ಕುತ್ತಿಗೆ ಎಡಕ್ಕೆ ತುಸು ವಾಲಿತ್ತು. ಹುಟ್ಟಿನಿಂದ ಬಂದದ್ದಲ್ಲ. ಹಳೆಯ ಕಾಲದ ಒಳ್ಳೆಯ ಮೀಟರುಗಳಲ್ಲಿ ಅಂಕಿಗಳ ಕೆಳಗೆ ಒಂದು ಸಣ್ಣ ಕನ್ನಡಿಪಟ್ಟಿ ಇರುತ್ತದೆ. ಮುಳ್ಳು ಕನ್ನಡಿಯಲ್ಲಿರುವ ತನ್ನ ಬಿಂಬವನ್ನು ತಾನೇ ಮುಚ್ಚುವ ಹಾಗೆ ತಲೆ ಸರಿಸಿಕೊಂಡು ನೋಡಿದರೆ ಮಾತ್ರ ಅಂಕಿ ಸರಿಯಾಗಿ ಸಿಗುತ್ತದೆ. ನಲವತ್ತು ವರ್ಷ ಒಂದು ಕಣ್ಣು ಮುಚ್ಚಿ, ತಲೆ ಸರಿಸಿ ನೋಡಿ ನೋಡಿ ಅವರ ಕುತ್ತಿಗೆ ಅಲ್ಲೇ ನಿಂತುಬಿಟ್ಟಿತ್ತು. ಮನುಷ್ಯರನ್ನೂ ಹಾಗೆಯೇ ನೋಡುತ್ತಿದ್ದರು. ಮೊದಲ ಸಲ ನನ್ನನ್ನು ಹಾಗೆ ನೋಡಿದಾಗ ನನಗೆ ಸಿಟ್ಟೇ ಬಂದಿತ್ತು.

ರಾಣೆಬೆನ್ನೂರಿನ ಒಂದು ಓಣಿಯಲ್ಲಿ, ಹಿಟ್ಟಿನ ಗಿರಣಿಗೂ ಮೋಟಾರಿಗೆ ತಂತಿ ಸುತ್ತುವವರ ಅಂಗಡಿಗೂ ನಡುವೆ ಅವರ ಮೀಟರು ರಿಪೇರಿ ಅಂಗಡಿ. ಓಣಿಯವರೆಲ್ಲ ಮೀಟರ್ ಕಾಕಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಆಗ ನಾನು ಹಾವೇರಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಹೊಸದಾಗಿ ಉಪನ್ಯಾಸಕಿಯಾಗಿದ್ದೆ. ಮನೆ ರಾಣೆಬೆನ್ನೂರಿನಲ್ಲಿ, ದಿನವೂ ರೈಲಿನಲ್ಲಿ ಓಡಾಟ. ನಾನು ಕಲಿಸುತ್ತಿದ್ದ ವಿಷಯ ವಿದ್ಯುತ್ ಮಾಪನ. ನಮ್ಮ ಪ್ರಯೋಗಾಲಯದ ಹನ್ನೆರಡು ವೋಲ್ಟ್‌ಮೀಟರುಗಳು ಹನ್ನೆರಡು ತರಹ ಸುಳ್ಳು ಹೇಳುತ್ತಿದ್ದವು. ಅವನ್ನು ಎರಡು ಚೀಲದಲ್ಲಿ ತುಂಬಿಕೊಂಡು ಕಾಕಾರ ಅಂಗಡಿಗೆ ಹೋದೆ.

"ಕುಂದ್ರಿ ಅಕ್ಕಾರ," ಎಂದರು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳೆಲ್ಲ ಅಕ್ಕಾರೇ. ಮರುದಿನವೇ ಮೀಟರು ಸಿಗುತ್ತವೆಂದು ನಾನು ತಿಳಿದಿದ್ದೆ. ಎರಡು ದಿನ ಕಳೆದರೂ ಅವರು ಸ್ಕ್ರೂಡ್ರೈವರ್ ಮುಟ್ಟಿರಲಿಲ್ಲ. ಪ್ರತಿಯೊಂದು ಮೀಟರು ಎಲ್ಲಿ ಎಷ್ಟು ತಪ್ಪು ತೋರಿಸುತ್ತದೆಂದು ವಹಿಯಲ್ಲಿ ಬರೆಯುತ್ತ ಕುಳಿತಿದ್ದರು.

"ಲಗೂ ಮಾಡ್ರಿ ಕಾಕಾ, ಪ್ರಾಕ್ಟಿಕಲ್ ಅದಾವ," ಎಂದೆ.

"ಮೊದಲ ಬ್ಯಾನಿ ಏನಂತ ಬರಕೋಬೇಕ್ರಿ. ಬರಕೊಳ್ಳದ ಔಷಧ ಹಾಕಿದ್ರ, ಏನಾಗಿತ್ತು ಅನ್ನೂದ ಗೊತ್ತಾಗದಂಗ ಹೋಗಿಬಿಡ್ತೈತಿ."

ಉಪಕರಣ ತಾಳೆ ನೋಡುವ ಕೆಲಸದಲ್ಲಿ ಇದು ಮೊದಲ ಪಾಠ. ತಿದ್ದುವ ಮುಂಚೆ ಅದು ಸಿಕ್ಕ ಸ್ಥಿತಿಯನ್ನು ಬರೆದಿಡಬೇಕು. ನಾನು ಒಂದು ವರ್ಷದಿಂದ ಇದನ್ನು ವಿದ್ಯಾರ್ಥಿಗಳಿಗೆ ಬರೆಸುತ್ತಿದ್ದೆ. ಒಬ್ಬರು ಹಾಗೆ ಮಾಡುವುದನ್ನು ನೋಡಿದ್ದು ಅಂದೇ.

ಮೀಟರು ಓದುವಾಗ ಕಾಕಾ ಉಸಿರು ಬಿಗಿಹಿಡಿಯುತ್ತಿದ್ದರು. ಗಾಜಿನ ಮೇಲೆ ಉಗುರಿನಿಂದ ಎರಡು ಸಲ ತಟ್ಟಿ, ಮುಳ್ಳು ನಿಂತ ಮೇಲೆ ಓದಿ, ಅನಂತರ ಉಸಿರು ಬಿಡುತ್ತಿದ್ದರು. ಅಷ್ಟರಲ್ಲಿ ಪಕ್ಕದಲ್ಲಿಟ್ಟ ಚಹಾ ಆರಿರುತ್ತಿತ್ತು. ಕಾಕಾರ ಹೆಂಡತಿ, ನಮ್ಮೆಲ್ಲರ ಕಾಕು, ಅಂಗಡಿಯ ಹಿಂದಿನ ಬಾಗಿಲಿನಿಂದಲೇ ಅಣಕಿಸುತ್ತಿದ್ದರು: "ಲಗ್ನದ ದಿನಾ ನನ್ನ ಮಾರಿನೂ ಇಷ್ಟ ಕಾಳಜೀಲೆ ನೋಡಲಿಲ್ರಿ ಇವ್ರು."

ಕಾಕಾ ಕಲಿತದ್ದು ಕನ್ನಡ ಏಳನೆಯ ಇಯತ್ತೆಯವರೆಗೆ. ಕೆಲಸ ಕಲಿತದ್ದು ಒಂದು ಬಟ್ಟೆ ಗಿರಣಿಯ ಮೀಟರು ಕೋಣೆಯಲ್ಲಿ, ಒಬ್ಬ ಮುದುಕ ಮಿಸ್ತ್ರಿಯ ಕೈಕೆಳಗೆ. ಮುಳ್ಳಿನ ಮೀಟರುಗಳಿಗೆ ಅವರಿಗೆ ಪುಸ್ತಕ ಬೇಕಾಗಿರಲಿಲ್ಲ. ಆದರೆ ಕೆಂಪು ಅಂಕಿ ಹೊಳೆಯುವ ಹೊಸ ಮೀಟರುಗಳು ಬಂದವು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜುಗಳು ಒಂದಾದ ಮೇಲೊಂದು ಎದ್ದವು, ಅಲ್ಲಿಯ ಉಷ್ಣತೆಯ ಮೀಟರುಗಳು ಕಾಕಾರ ಮೇಜಿಗೆ ಬರತೊಡಗಿದವು. ಅವುಗಳ ಹೊಟ್ಟೆಯಲ್ಲಿ ಮುಳ್ಳೂ ಇರಲಿಲ್ಲ, ಸುರುಳಿಯೂ ಇರಲಿಲ್ಲ.

"ನೀವು ಇದನ್ನ ಕಲಸ್ತೀರಿ ಹೌದಲ್ರಿ?" ಎಂದು ಒಂದು ಸಂಜೆ ಕೇಳಿದರು. "ಹಂಗಾದ್ರ ಛಲೋ ಪುಸ್ತಕ ಒಂದ್ ಹುಡುಕೂಣ್ರಿ. ನೀವು ಓದ್ರಿ, ನಾ ಕೇಳ್ತೀನಿ."

ಕನ್ನಡದಲ್ಲಿ ಅಂಥ ಪುಸ್ತಕ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಸಿಕ್ಕವು ಪರೀಕ್ಷೆಯ ಗೈಡುಗಳು. ಪ್ರಶ್ನೆ ಒಂದು ಪುಟ, ಉತ್ತರ ಒಂದು ಪುಟ, ತಲೆಕೆಳಗಾಗಿ ಅಚ್ಚಾದ ಒಂದು ಚಿತ್ರ. ಕಾಕಾರಿಗೆ ಇಂಗ್ಲಿಷ್ ಓದಲು ಬರದಿದ್ದರೂ ಪುಸ್ತಕದ ಯೋಗ್ಯತೆ ಅಳೆಯುವ ಅವರದೇ ಉಪಾಯ ಇತ್ತು. ಪುಸ್ತಕ ಕೈಗೆ ಬಂದೊಡನೆ, "ಇದರಾಗ ತಪ್ಪಿನ ಪಾಠ ಎಷ್ಟ ಪುಟ ಐತ್ರಿ?" ಎಂದು ಕೇಳುತ್ತಿದ್ದರು. ಅಳತೆಯಲ್ಲಿ ತಪ್ಪು ಎಲ್ಲೆಲ್ಲಿ ನುಸುಳುತ್ತದೆಂದು ಹೇಳುವ ಅಧ್ಯಾಯ ಅದು. ಎರಡು ಮೂರು ಪುಟದಲ್ಲಿ ಮುಗಿಸಿದ್ದರೆ ಅಲ್ಲೇ ಇಟ್ಟುಬಿಡುತ್ತಿದ್ದರು. ಅಂಗಡಿಯವರು "ಯಾರ ಪರೀಕ್ಷಾಕ್ರಿ?" ಎಂದರೆ, ಅರವತ್ತು ದಾಟಿದ ಕಾಕಾ ನಗದೆ "ನಂದ್ರಿ" ಎನ್ನುತ್ತಿದ್ದರು.

ಕೊನೆಗೆ ಹಾವೇರಿಯ ಒಂದು ರದ್ದಿ ಅಂಗಡಿಯಲ್ಲಿ ನನಗೇ ಒಂದು ಸಿಕ್ಕಿತು. ಬೆನ್ನು ಕಿತ್ತುಹೋದ ದಪ್ಪ ಪುಸ್ತಕ. ತಪ್ಪಿನ ಅಧ್ಯಾಯವೇ ನಲವತ್ತು ಪುಟ. ಕಾಕಾ ಅದಕ್ಕೆ ಖಾದಿ ಬಟ್ಟೆಯ ಬೆನ್ನು ಅಂಟಿಸಿ, ಎರಡು ದಿನ ಮೀಟರಿನ ಪೆಟ್ಟಿಗೆಗಳ ಕೆಳಗೆ ಒತ್ತಿಟ್ಟರು. ಅಲ್ಲಿಂದ ವಾರಕ್ಕೆ ಎರಡು ಸಂಜೆ ಓದು. ನಾನು ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಿ ಕನ್ನಡದಲ್ಲಿ ಹೇಳಬೇಕು, ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಅನಂತರ ಮೇಜಿನ ಮೇಲೆ ಮಾಡಿ ನೋಡಬೇಕು. ತಿಳಿಯದಿದ್ದರೆ ಕೈ ಎತ್ತಿ, "ಇಲ್ಲಿ ನನ್ನ ಗಾಡಿ ನಿಂತ್ರಿ" ಎನ್ನುತ್ತಿದ್ದರು. ಒಂದು ಸಂಜೆಗೆ ಹತ್ತು ಸಲ ಅವರ ಗಾಡಿ ನಿಲ್ಲುತ್ತಿತ್ತು. ಅವರಿಗೆ ಅದರಲ್ಲಿ ಏನೂ ನಾಚಿಕೆ ಇರಲಿಲ್ಲ.

ನನಗಿತ್ತು. ನನ್ನ ಗಾಡಿಯೂ ನಿಲ್ಲುತ್ತಿತ್ತು, ಆದರೆ ನಾನು ಹೇಳುತ್ತಿರಲಿಲ್ಲ. ಕಾಲೇಜಿನಲ್ಲಿ ತಿಳಿಯದ ಜಾಗ ಬಂದರೆ ನೋಟ್ಸ್ ಬರೆಸಿ ದಾಟಿಬಿಡುತ್ತಿದ್ದೆ. ಸಂಬಳ ತೆಗೆದುಕೊಂಡು ಪಾಠ ಹೇಳುವವಳು ಓಣಿಯ ರಿಪೇರಿಯವರ ಮುಂದೆ "ತಿಳೀವಲ್ದು" ಎನ್ನುವುದೇ? ಇಪ್ಪತ್ತೇಳರ ವಯಸ್ಸಿನ ಜಂಭ ಅದು. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಒಂದು ಸಂಜೆ ಓದಿದ್ದು ಉದ್ದ ವೈರಿನ ಪಾಠ. ಕೋಲ್ಡ್ ಸ್ಟೋರೇಜಿನ ಕೋಣೆಯೊಳಗೆ ಉಷ್ಣತೆ ತಿಳಿಯುವ ಸೆನ್ಸರ್ ಇರುತ್ತದೆ, ಅದನ್ನು ತೋರಿಸುವ ಮೀಟರು ಹೊರಗೆ ಆಫೀಸಿನಲ್ಲಿರುತ್ತದೆ. ನಡುವಿನ ವೈರು ಉದ್ದವಾದಷ್ಟೂ ಅದು ತನ್ನದೂ ಒಂದಿಷ್ಟನ್ನು ಸೇರಿಸುತ್ತದೆ, ಮೀಟರು ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಆದ್ದರಿಂದ ವೈರಿನ ಪಾಲು ಎಷ್ಟೆಂದು ಅಳೆದು ಕಳೆಯಬೇಕು. ಇಷ್ಟನ್ನು ನಾನು ಚೆನ್ನಾಗಿಯೇ ಹೇಳಿದೆ. ಕಾಕಾ ಒಂದು ಸುರುಳಿ ವೈರು ಜೋಡಿಸಿ ನೋಡಿದರು. ಮೀಟರು ಹೆಚ್ಚು ತೋರಿಸಿತು.

"ಖರೇ ಐತಿ ನೋಡ್ರಿ," ಎಂದರು. "ಮುಂದ?"

ಮುಂದೆ ಒಂದು ಪ್ಯಾರಾ ಇತ್ತು. ಆರು ಸಾಲಿನ ಒಂದೇ ವಾಕ್ಯ, ಪಕ್ಕದಲ್ಲಿ ಮೂರು ಗೆರೆಗಳ ಚಿತ್ರ. ಎರಡು ಸಲ ಮನಸ್ಸಿನಲ್ಲೇ ಓದಿದೆ, ತಲೆಬುಡ ತಿಳಿಯಲಿಲ್ಲ. ಕಾಕಾ ಕಾಯುತ್ತಿದ್ದರು. ನಾನು ಪುಟ ತಿರುವಿ, "ಅದೇನಿಲ್ರಿ ಕಾಕಾ, ಬರೇ ಲೆಕ್ಕ ಅದ, ನಿಮಗ ಬ್ಯಾಡ," ಎಂದೆ. ಅವರು ನಂಬಿದರು.

ಹತ್ತು ಹದಿನೈದು ದಿನಗಳಲ್ಲಿ ಬ್ಯಾಡಗಿಯ ಕಡೆಯ ಒಂದು ಕೋಲ್ಡ್ ಸ್ಟೋರೇಜಿನಿಂದ ಕರೆ ಬಂತು. ಮೀಟರನ್ನು ಕೋಣೆಯ ಬಾಗಿಲಿನಿಂದ ತೆಗೆದು ದೂರದ ಆಫೀಸಿನಲ್ಲಿ ಕೂಡಿಸಿದ್ದರು. ಅದು ಸರಿ ತೋರಿಸುತ್ತದೆಯೇ ನೋಡಬೇಕು. ಕಾಕಾ ಯಾವಾಗಲೂ ಇಂಥ ಕೆಲಸಕ್ಕೆ ಥರ್ಮಾಸಿನಲ್ಲಿ ಬರ್ಫ, ಅಂದರೆ ಮಂಜುಗಡ್ಡೆ, ಒಯ್ಯುತ್ತಿದ್ದರು. ಸೆನ್ಸರನ್ನು ಕರಗುವ ಬರ್ಫದಲ್ಲಿಟ್ಟರೆ ಮೀಟರು ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ತಪ್ಪು ಎಷ್ಟೆಂದು ಅಲ್ಲೇ ಗೊತ್ತಾಗುತ್ತದೆ. ಆದರೆ ಆ ದಿನ ಕೋಣೆಯಲ್ಲಿ ಮೆಣಸಿನಕಾಯಿ ಚೀಲಗಳು ಮಾಳಿಗೆ ಮುಟ್ಟುವ ತನಕ ಒಟ್ಟಿದ್ದವು, ಸೆನ್ಸರ್ ಅವುಗಳ ಹಿಂದೆ ಎಲ್ಲೋ ಸಿಕ್ಕಿಕೊಂಡಿತ್ತು. ಹಮಾಲರು ಚೀಲ ಇಳಿಸಲು ಒಪ್ಪಲಿಲ್ಲ. ಥರ್ಮಾಸಿನಲ್ಲಿ ಬರ್ಫ ನೀರಾಯಿತು.

ಅಂದು ಕಾಕಾ ಮೊದಲ ಸಲ ಬರ್ಫ ಬಿಟ್ಟು ಪುಸ್ತಕವನ್ನು ನಂಬಿದರು. ವೈರನ್ನು ಅಳೆದರು. ಅದರ ಪಾಲು ಐದು ಡಿಗ್ರಿ ಬಂತು. ಮೀಟರಿನಲ್ಲಿ ಐದು ಕಳೆದರು. ಆ ಸೆನ್ಸರಿನಿಂದ ಎರಡಲ್ಲ, ಮೂರು ವೈರು ಬಂದಿದ್ದವು. ಮೋಟಾರು, ಲೈನು ನೋಡಿ ಬೆಳೆದವರಿಗೆ ಮೂರನೆಯ ವೈರೆಂದರೆ ಅರ್ಥಿಂಗು, ಇಲ್ಲವೇ ಇರಲೆಂದು ಎಳೆದ ಹೆಚ್ಚಿನ ವೈರು. ಕಾಕಾ ಹಾಗೆಯೇ ತಿಳಿದರು.

ಮಳೆಗಾಲದಲ್ಲಿ ಚೀಲ ಹೊರಗೆ ತೆಗೆದಾಗ ಮೆಣಸಿನಕಾಯಿಯ ಕೆಂಪು ಇಳಿದಿತ್ತು. ಬಣ್ಣವೇ ಬ್ಯಾಡಗಿ ಕಾಯಿಯ ಜೀವ. ಕೆಲವು ಚೀಲಗಳಲ್ಲಿ ಬೂಸ್ಟು ಹಿಡಿದಿತ್ತು. ಮೀಟರು ಮಾತ್ರ ಅಷ್ಟೂ ತಿಂಗಳು, ಇರಬೇಕಾದಂತೆ, ಆರು ಡಿಗ್ರಿ ಎಂದು ತೋರಿಸಿತ್ತು. ಕಾಕಾರಿಗೆ ಕರೆ ಹೋಯಿತು. ಈಗ ಕೋಣೆ ಅರ್ಧ ಖಾಲಿಯಾಗಿತ್ತು, ಸೆನ್ಸರ್ ಕೈಗೆ ಸಿಕ್ಕಿತು. ಬರ್ಫದಲ್ಲಿಟ್ಟರೆ ಮೀಟರು ಸೊನ್ನೆಗಿಂತ ಐದು ಕೆಳಗೆ ತೋರಿಸಿತು. ಅಂದರೆ ಆರು ಎಂದು ತೋರಿಸುವಾಗ ಕೋಣೆಯಲ್ಲಿ ಹನ್ನೊಂದು ಇತ್ತು.

ಮಾಲೀಕರು ಕೇಳುವ ಮುಂಚೆಯೇ ಕಾಕಾ, "ಇದು ನಾ ಮಾಡಿದ್ದ ತಪ್ಪ್ರಿ. ಮಷೀನಿಂದಲ್ಲ, ನಿಮ್ಮ ಮಂದೀದೂ ಅಲ್ಲ," ಎಂದರಂತೆ. ಮಾಲೀಕರು ಹತ್ತು ಜನರ ಎದುರು ಬಾಯಿಗೆ ಬಂದಂತೆ ಬೈದರು. ಸುದ್ದಿ ಮಾರುಕಟ್ಟೆಯಲ್ಲಿ ಹಬ್ಬಿತು. ಆಮೇಲೆ ಬ್ಯಾಡಗಿಯಿಂದ ಯಾರೂ ಅವರನ್ನು ಕರೆಯಲಿಲ್ಲ.

ಮರುದಿನ ಸಂಜೆ ಕಾಕಾ ನನ್ನ ಮನೆಗೆ ಬಂದರು. ಅದಕ್ಕೂ ಮುಂಚೆ ಎಂದೂ ಬಂದವರಲ್ಲ. ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ, ಪುಸ್ತಕವನ್ನು ನನ್ನ ಮುಂದಿಟ್ಟರು.

"ಇದು ನನಗ ಮೋಸ ಮಾಡ್ತ್ರಿ ಅಕ್ಕಾರ. ಕಳೀರಿ ಅಂತು, ಕಳದೆ. ಯಾಕ ತಪ್ಪಾತಂತ ನನಗ ತಿಳೀಬೇಕು. ಬ್ಯಾರೆ ಛಲೋ ಪುಸ್ತಕ ಹುಡುಕೂಣ್ರಿ."

ಅವರು ಹೋದ ಮೇಲೆ ಆ ಪುಟ ತೆರೆದೆ. ಆರು ಸಾಲಿನ ವಾಕ್ಯವನ್ನು ತುಂಡು ತುಂಡು ಮಾಡಿ ಬರೆದುಕೊಂಡೆ, ಚಿತ್ರವನ್ನು ನಾನೇ ಬಿಡಿಸಿದೆ. ಅರ್ಧ ಗಂಟೆಯ ಕೆಲಸ. ಮೂರನೆಯ ವೈರು ಇದ್ದರೆ ಉದ್ದ ವೈರಿನ ಪಾಲನ್ನು ಮೀಟರು ತಾನೇ ಕಳೆದುಕೊಂಡಿರುತ್ತದೆ, ನೀವು ಮತ್ತೆ ಕಳೆಯಬೇಡಿ ಎಂದಿತ್ತು. ಪುಸ್ತಕ ಮೋಸ ಮಾಡಿರಲಿಲ್ಲ.

ನಾಳೆಯೇ ಹೇಳಬೇಕೆಂದುಕೊಂಡೆ. ಮರುದಿನ ಅಂಗಡಿಯಲ್ಲಿ ಇನ್ನಿಬ್ಬರು ಕುಳಿತಿದ್ದರು. ಅದರ ಮರುದಿನ ಕಾಕುವಿಗೆ ಜ್ವರ. ಆಮೇಲೆ ನನ್ನ ಪರೀಕ್ಷೆ ಕೆಲಸ. ಹೇಳದೆ ಇರುವವಳಿಗೆ ನೆಪಕ್ಕೆ ಬರವೇ? ತಿಂಗಳು ಕಳೆದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿತು. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಹೀಗೆ ಶುರುವಾಯಿತು ಒಳ್ಳೆಯ ಪುಸ್ತಕದ ಹುಡುಕಾಟ. ಮೂರು ವರ್ಷ ನಡೆಯಿತು. ನಿವೃತ್ತ ಎಂಜಿನಿಯರುಗಳ ಮನೆಯ ಅಟ್ಟ, ಮುಚ್ಚಿದ ಕಾರಖಾನೆಯ ಕಪಾಟು, ರದ್ದಿ ಅಂಗಡಿ, ಎಲ್ಲ ಕಡೆ ಹೋದೆವು. ಮೇಡ್ಲೇರಿಯಲ್ಲಿ ಪಂಪ್‌ಸೆಟ್ಟಿನವರೊಬ್ಬರ ಹತ್ತಿರ ಯಾವುದೋ ಪುಸ್ತಕ ಇದೆಯೆಂದು ಕೇಳಿ ಬಿಸಿಲಲ್ಲಿ ಅಲ್ಲಿಗೂ ಹೋದೆವು. ಅದು ಮೋಟಾರಿನ ಬೆಲೆಪಟ್ಟಿಯಾಗಿತ್ತು. "ಫೋನಿನಾಗ ಇರೂದಿಲ್ಲೇನ್ರಿ?" ಎಂದು ಕಾಕಾ ಕೇಳಿದರು. ಎರಡು ನಿಮಿಷದಲ್ಲಿ ಸಿಗುತ್ತಿತ್ತು. "ಅದರಾಗ ಸರಿ ಇರೂದಿಲ್ರಿ," ಎಂದೆ.

ಈಗ ತಪ್ಪಿನ ಪಾಠ ಎಷ್ಟು ಪುಟ ಎಂದು ಅವರು ಕೇಳುತ್ತಿರಲಿಲ್ಲ. "ವೈರಿನ ಪಾಠದಾಗ ಹೆಚ್ಚಿಂದು ಏನರ ಐತೇನ್ರಿ?" ಎಂದಷ್ಟೇ ಕೇಳುತ್ತಿದ್ದರು. ಯೋಗ್ಯ ಪುಸ್ತಕಗಳಲ್ಲೆಲ್ಲ ಇತ್ತು. ಇದ್ದಾಗಲೆಲ್ಲ ನಾನು ಇಲ್ಲ ಎಂದೆ.

ಹುಬ್ಬಳ್ಳಿಯ ಒಂದು ಹಳೆಯ ಪುಸ್ತಕದ ಅಂಗಡಿಯಲ್ಲಿ ನಡೆದದ್ದನ್ನು ಬರೆಯದೆ ವಿಧಿಯಿಲ್ಲ. ಕಾಕಾ ನೆಲದ ಮೇಲೆ ಕುಳಿತು ಒಂದು ಪುಸ್ತಕದ ಚಿತ್ರಗಳನ್ನು ನೋಡುತ್ತಿದ್ದರು. ದೊಡ್ಡ ಅಚ್ಚಿನ, ಒಳ್ಳೆಯ ಕಾಗದದ ಪುಸ್ತಕ. ಒಂದು ಪುಟದಲ್ಲಿ ಅವರ ಬೆರಳು ನಿಂತಿತು. ತಲೆ ಸರಿಸಿ, ಉಸಿರು ಹಿಡಿದು ನೋಡಿದರು.

"ಅಕ್ಕಾರ, ಇಲ್ಲಿ ಮೂರು ಗೆರಿ ಅದಾವ ನೋಡ್ರಿ. ಬ್ಯಾಡಗಿಯೊಳಗೂ ಮೂರು ವೈರು ಇದ್ದೂ. ಇದೇನರ ಅದೇ ಏನ್ರಿ?"

ಓದಲು ಬಾರದವರು ಚಿತ್ರ ಹಿಡಿದುಕೊಂಡು ಉತ್ತರದ ತನಕ ತಾವೇ ಬಂದಿದ್ದರು. ನಾನು "ಹೌದು" ಎಂದಿದ್ದರೆ ಮುಗಿದಿತ್ತು. ಹಳೆಯ ಪುಸ್ತಕದ ಸುದ್ದಿಯನ್ನು ಎತ್ತದೆಯೇ ಹೇಳಬಹುದಿತ್ತು. ಆದರೆ ಈ ಪುಸ್ತಕದಲ್ಲಿದೆ ಎಂದರೆ, ಆ ಪುಸ್ತಕದಲ್ಲಿ ಯಾಕಿರಲಿಲ್ಲ ಎಂದು ತೆಗೆದು ನೋಡಿಸುತ್ತಾರೆಂದು ಹೆದರಿದೆ.

"ಅದು ಬ್ಯಾರೆ ಮೀಟರಿಂದು ಕಾಕಾ," ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ಆ ಚಿತ್ರವನ್ನು ನೋಡಿ ಪುಸ್ತಕವನ್ನು ರಾಶಿಯೊಳಗೆ ಇಟ್ಟರು. ಮರಳಿ ಬರುವಾಗ ರೈಲಿನಲ್ಲಿ, "ನನ್ನ ತಲೀನ ಮಂದ ಆತೇನೋ ಅಕ್ಕಾರ," ಎಂದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಆ ವರ್ಷವೇ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಮೊದಲು ಸಣ್ಣ ಅಂಕಿ ಹೋದವು, ಆಮೇಲೆ ಮುಳ್ಳು, ಆಮೇಲೆ ಮುಖಗಳು. ಅಂಗಡಿ ಮುಚ್ಚಿತು. ಮೂತ್ರಪಿಂಡವೂ ಕೆಟ್ಟಿತು, ಹಾಸಿಗೆ ಹಿಡಿದರು. ಒಂದು ಭಾನುವಾರ ನೋಡಲು ಹೋದಾಗ, ನನ್ನ ದನಿ ಕೇಳಿ, "ಪುಸ್ತಕ ಏನರ ಸಿಕ್ತೇನ್ರಿ?" ಎಂದರು. ಅಂದು ನನ್ನಿಂದ ತಡೆಯಲಾಗಲಿಲ್ಲ. ಮನೆಗೆ ಹೋಗಿ ಖಾದಿ ಬೆನ್ನಿನ ಪುಸ್ತಕ ತಂದೆ. ಹಾಸಿಗೆಯ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆ. ಆ ಪ್ಯಾರಾ ನನಗೆ ತಿಳಿದಿರಲಿಲ್ಲ, ತಿಳಿದಿಲ್ಲ ಎನ್ನಲು ನಾಚಿಕೆಯಾಯಿತು, ಬಿಟ್ಟು ಓದಿದೆ, ಆಮೇಲೆ ಮುಚ್ಚಿಟ್ಟೆ ಎಂದೆ.

ಕಾಕಾ ಕೈಚಾಚಿ ಪುಸ್ತಕದ ಖಾದಿ ಬೆನ್ನನ್ನು ಸವರಿ ನೋಡಿದರು. ಬಾಗಿಲಲ್ಲಿ ನಿಂತ ಕಾಕು ಸೆರಗು ಬಾಯಿಗಿಟ್ಟುಕೊಂಡಿದ್ದರು.

"ಓದ್ರಿ," ಎಂದರು ಕಾಕಾ.

ಓದಿದೆ. ಕನ್ನಡದಲ್ಲಿ ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡರು. ಅಂಗೈ ಚಾಚಿ, "ಇದರ ಮ್ಯಾಲ ಗೆರಿ ತಗೀರಿ," ಎಂದರು. ಬೆರಳಿನಿಂದ ಮೂರು ವೈರುಗಳನ್ನು ಅವರ ಅಂಗೈ ಮೇಲೆ ಎಳೆದೆ. ಹಿಂದಿನಂತೆ ತಮ್ಮ ಮಾತಿನಲ್ಲಿ ತಿರುಗಿ ಹೇಳಿದರು. ಒಂದೂ ತಪ್ಪಿರಲಿಲ್ಲ.

"ಆ ಹುಬ್ಬಳ್ಳಿ ಪುಸ್ತಕದಾಗೂ ಇದ ಇತ್ತೇನ್ರಿ?"

"ಹೌದ್ರಿ ಕಾಕಾ."

ಮುಖವನ್ನು ಗೋಡೆಯ ಕಡೆ ಹೊರಳಿಸಿದರು. ನಾನು ಅಳುತ್ತಿದ್ದೆ. ಅವರು ಆ ಕಡೆ ತಿರುಗಿಕೊಂಡೇ, "ಇವತ್ತ ಇಷ್ಟ ಸಾಕ್ರಿ. ಪುಸ್ತಕ ಇಲ್ಲೇ ಇರಲಿ. ನಾಳಿ ಸಂಜಿಮುಂದ ಬರ್ರಿ, ಮುಂದಿನ ಪಾಠ ಓದೂಣು," ಎಂದರು.

ಮರುದಿನ ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಬ್ಯಾಡಗಿಯ ಮಾಲೀಕರಿಗೆ ನಿಜ ಹೇಳಿ, ಕಾಕಾರ ಹೆಸರು ಸರಿ ಮಾಡಿಯೇ ಹೋಗುತ್ತೇನೆ ಎಂದುಕೊಂಡೆ. ಆಗ ಅದು ನನಗೆ ದೊಡ್ಡ ಪ್ರಾಯಶ್ಚಿತ್ತದಂತೆ ಕಂಡಿತ್ತು. ಅದೂ ಒಂದು ನೆಪವೇ ಎಂದು ಈಗ ಗೊತ್ತಿದೆ. ಮಾಲೀಕರು ಊರಲ್ಲಿರಲಿಲ್ಲ. ನಾಲ್ಕನೆಯ ದಿನ ಸಿಕ್ಕರು. ನಿಂತೇ ಎಲ್ಲ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು.

"ನಾನೂ ಅವತ್ತ ಭಾಳ ಬಿರುಸು ಮಾತಾಡಿದ್ದೆ ಅಕ್ಕಾರ. ಬರೂ ವಾರ ನಾನ ಬಂದು ಅವ್ರನ್ನ ಕಾಣ್ತೀನಿ, ಹೇಳ್ರಿ ಅವ್ರಿಗೆ," ಎಂದರು.

ಈ ಮಾತನ್ನು ಹಿಡಿದುಕೊಂಡು ಹೆದ್ದಾರಿಯ ಮೇಲಿನ ಮೋಟೆಬೆನ್ನೂರಿಗೆ ಬಂದು ಬಸ್ಸಿಗೆ ಕಾಯುತ್ತಿದ್ದೆ. ಆಗ ಕಾಕುವಿನ ಫೋನು ಬಂತು. ಮಧ್ಯಾಹ್ನ ಕಾಕಾ ತೀರಿಕೊಂಡಿದ್ದರು.

ಮನೆಯಲ್ಲಿ ಜನ ತುಂಬಿದ್ದರು. ಕಾಕು ನನ್ನನ್ನು ಬೈಯಲಿಲ್ಲ. ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು.

"ಮೂರೂ ದಿನ ಸಂಜಿ ಆತಂದ್ರ ಹಾಸಿಗಿ ಬಾಜೂಕ ನಿಮ್ಮ ಕುರ್ಚಿ ಹಾಕಸ್ತಿದ್ರು. ಲೈಟ ಹಚ್ಚಸ್ತಿದ್ರು. ನಿಮಗ ಕಣ್ಣ ಕಾಣಸೂದಿಲ್ಲಲಾ, ಲೈಟ್ ಯಾಕಂದೆ. ಅಕ್ಕಾರಿಗೆ ಓದಾಕ ಬೇಕಲ್ಲ ಅಂದ್ರು."

ಪುಸ್ತಕ ಈಗ ನನ್ನ ಮನೆಯಲ್ಲಿದೆ. ಅವರು ಕಾಯುತ್ತಿದ್ದ ಆ ಮುಂದಿನ ಪಾಠ ನಾಲ್ಕೇ ಪುಟದ್ದು. ತಿಳಿಯದ ಮಾತು ಅದರಲ್ಲಿ ಒಂದೂ ಇಲ್ಲ.